ಹೊಲಿಗೆ ಮೆಷಿನ್ ರಿಪೇರಿ ಬಗ್ಗೆ ಬ್ಲಾಗಿನಲ್ಲಿ ಏನು ಬರೆಯಬೇಕು?

ಹೊಲಿಗೆ ಮೆಷಿನ್ ರಿಪೇರಿ ಮಾಡ್ತೀನಿ, ಬ್ಲಾಗ್ ಶುರು ಮಾಡಿದರೆ ಗಿರಾಕಿಗಳು ಬರ್ತಾರಾ, ಏನು ಬರೀಲಿ ಅಂತ ಕೇಳಿದ್ದೀರಿ. ಬರ್ತಾರೆ, ಆದರೆ ನಿಧಾನವಾಗಿ. ಮೊದಲ ಕೆಲವು ತಿಂಗಳು ಯಾರೂ ಓದದಿದ್ದರೂ ಬೇಜಾರಾಗಬೇಡಿ.

ಅಂಗಡಿಯ ಹೊಗಳಿಕೆ ಬೇಡ. ಗಿರಾಕಿ ಫೋನಿನಲ್ಲಿ ಹೇಳುವ ಮಾತೇ ನಿಮ್ಮ ತಲೆಬರಹ. "ಬಟ್ಟೆ ಅಡಿಯಲ್ಲಿ ದಾರ ಗಂಟುಗಂಟಾಗ್ತಿದೆ" ಅಂತಾರಲ್ಲ, ಅದನ್ನೇ ಹಾಗೇ ಬರೆಯಿರಿ. ಎಲ್ಲರೂ ಬಾಬಿನ್ (ಕೆಳಗಿನ ದಾರ ಸುತ್ತಿರೋ ಉರುಳೆ) ಮೇಲೆ ಅನುಮಾನ ಪಡ್ತಾರೆ, ಆದರೆ ಸಾಮಾನ್ಯವಾಗಿ ತಪ್ಪಿರೋದು ಮೇಲಿನ ದಾರದಲ್ಲಿ. ಪ್ರೆಸರ್ ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯೋ ಪಾದ) ಎತ್ತದೆ ದಾರ ಪೋಣಿಸಿದರೆ ಅದು ದಾರವನ್ನು ಬಿಗಿಯಾಗಿ ಹಿಡಿಯೋ ಟೆನ್ಶನ್ ಬಿಲ್ಲೆಗಳ ನಡುವೆ ಸರಿಯಾಗಿ ಕೂರೋದೇ ಇಲ್ಲ. ಇದನ್ನು ಎರಡು ಫೋಟೊ ಹಾಕಿ ವಿವರಿಸಿ. ಗುಟ್ಟು ಬಿಟ್ಟುಕೊಟ್ಟರೆ ವ್ಯಾಪಾರ ಹೋಗುತ್ತೆ ಅನ್ನೋ ಭಯ ಬೇಡ. ಓದಿ ಸರಿಮಾಡಿಕೊಂಡವರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತೆ, ಆಗದವರು ಮೆಷಿನ್ ಹೊತ್ತುಕೊಂಡು ನಿಮ್ಮ ಹತ್ತಿರವೇ ಬರ್ತಾರೆ.

ಪ್ರತಿ ಬರಹದ ಕೆಳಗೆ ಫೋನ್ ನಂಬರ್, ಅಂಗಡಿ ತೆರೆದಿರುವ ವೇಳೆ ಇರಲಿ (ಇದನ್ನೇ ಮರೆತುಬಿಡ್ತಾರೆ). ಗೂಗಲ್ ಸರ್ಚ್ ಕನ್ಸೋಲ್ ಅನ್ನೋ ಸಾಧನ ಉಚಿತ. ಜನ ಏನಂತ ಹುಡುಕಿ ನಿಮ್ಮ ಪುಟಕ್ಕೆ ಬಂದರು ಅನ್ನೋದು ಅಲ್ಲಿ ಹಿಂದಿನ 16 ತಿಂಗಳವರೆಗೂ ಸಿಗುತ್ತೆ, ಮುಂದಿನ ಬರಹಕ್ಕೆ ವಿಷಯವೂ ಅಲ್ಲೇ ಇರುತ್ತೆ. ತಿಂಗಳಿಗೆ ಎರಡು ಬರೆದರೂ ಸಾಕು. ಮೊದಲನೆಯದು ಬರೆದ ಮೇಲೆ ಇಲ್ಲಿ ಹಾಕಿ, ಓದಿ ಹೇಳ್ತೀನಿ.