ಹೆಂಪ್ ಬಿತ್ತಲೇನ್ರಿ?

ಪ್ರಶ್ನೆ: ಅಣ್ಣಿಗೇರಿ ಹತ್ರ ನಮ್ದು ಆರು ಎಕರೆ ಎರಿ ಹೊಲ ಐತ್ರಿ. ಹತ್ತಿ, ಕಡ್ಲಿ ಬೆಳದು ಸಾಕಾಗೈತಿ. ಒಬ್ಬ ಏಜೆಂಟ್ ಬಂದು ಇಂಡಸ್ಟ್ರಿಯಲ್ ಹೆಂಪ್ ಬಿತ್ರಿ, ಅದು ಗಾಂಜಾ ಅಲ್ಲ, ಬೀಜಕ್ಕ ಸರ್ಕಾರನ ಒಪ್ಪಿಗಿ ಕೊಟ್ಟೈತಿ, ಅಡ್ವಾನ್ಸ್ ಕೊಡ್ರಿ ಅಂತಾನ. ಇಲ್ಲಾಂದ್ರ ಹೊಲ ನಮಗ ಲಾವಣಿಗೆ (ಗುತ್ತಿಗೆಗೆ) ಕೊಡ್ರಿ ಅಂತಾನ. ಏನ್ ಮಾಡ್ಲಿ?

ಉತ್ತರ: ಅಣ್ಣಾರ, ಕೈ ಮುಗದು ಹೇಳ್ತೀನಿ, ಅಡ್ವಾನ್ಸ್ ಕೊಡಬ್ಯಾಡ್ರಿ. ಅಂವ ಹೇಳಿದ್ರಾಗ ಅರ್ಧ ಖರೇ ಐತಿ, ಮಂದಿ ಸಿಕ್ಕೊಳ್ಳೋದು ಆ ಅರ್ಧದಾಗನ. 2021ರಾಗ ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ, ಎಣ್ಣಿ, ಹಿಟ್ಟು ತಿನ್ನಾಕ ಅಡ್ಡಿಲ್ಲ ಅಂದೈತಿ, ಹೌದು. ಆದ್ರ ಬೀಜ ತಿನ್ನೋದು ಬ್ಯಾರೆ, ಬಿತ್ತೋದು ಬ್ಯಾರೆ ರೀ. 1985ರ ಮಾದಕ ವಸ್ತು ತಡೆಯೋ ಎನ್‌ಡಿಪಿಎಸ್ ಕಾಯ್ದೆಗೆ ಹೆಂಪೂ ಕ್ಯಾನಬಿಸ್, ಅಂದ್ರ ಗಾಂಜಾ ಜಾತಿ ಗಿಡಾನ, ಪರವಾನಗಿ ಇಲ್ದ ಬೆಳದ್ರ 10 ವರ್ಷದ ತನಕ ಕಠಿಣ ಸಜಾ, ಮ್ಯಾಲೆ 1 ಲಕ್ಷ ರೂಪಾಯಿ ತನಕ ದಂಡ.

ದಾರಿನ ಇಲ್ಲ ಅಂತಲ್ಲ. ಅದ ಕಾಯ್ದೆದ 14ನೇ ಕಲಂದಾಗ ನಾರು, ಬೀಜಕ್ಕಂತ ಬೆಳ್ಯಾಕ ಸರ್ಕಾರ ಆದೇಶ ಹೊರಡಿಸಬಹುದು, ಉತ್ತರಾಖಂಡದಾಗ 2018ರಿಂದ ಹಂಗ ಲೈಸೆನ್ಸ್ ಕೊಡ್ತಾರ, ಆದ್ರ ಅಲ್ಲಿ ಕಾಗದ ತಂದು ಇಲ್ಲಿ ಎರಿ ಹೊಲಕ್ಕ ಹಚ್ಚಾಕ ಬರೂದಿಲ್ಲ. ಕರ್ನಾಟಕದ ಆದೇಶದ ನಂಬರ್ ಕೊಡಪಾ, ನನ್ನ ಹೆಸರು, ಸರ್ವೆ ನಂಬರ್ ಇರೋ ಲೈಸೆನ್ಸ್ ತೋರ್ಸು ಅಂತ ಅಂವಗ ಕೇಳ್ರಿ.

ಲೈಸೆನ್ಸ್ ಇದ್ರೂ ಇದು ಬಿತ್ತಿ ಮರೆಯೋ ಬೆಳಿ ಅಲ್ಲ. ಅಮೆರಿಕಾದಾಗ ನೋಡ್ರಿ, ಕೊಯ್ಲಿಗಿಂತ ಮೊದಲಿನ 30 ದಿನದೊಳಗ ಸ್ಯಾಂಪಲ್ ತಗೀಬೇಕು, ನಶೆ ಏರಸೋ ಟಿಎಚ್‌ಸಿ ಶೇಕಡಾ 0.3 ದಾಟಿದ್ರ ಆ ಬೆಳಿ ಹಂಗ ಮಾರಂಗಿಲ್ಲ, ಬೀಜ ಎಲ್ಲಿಂದ ಬಂತು, ಎಷ್ಟು ಬೆಳೀತು, ಎಷ್ಟು ನಾಶ ಮಾಡಿದ್ರಿ ಅನ್ನೋ ದಾಖಲೆ 3 ವರ್ಷ ಇಡಬೇಕು. ಹೂವು ಬಲಿತಂಗ ಟಿಎಚ್‌ಸಿ ಏರ್ತದ, ಮಳಿ ಹಿಡಕೊಂಡು ಕೊಯ್ಲು ತಡ ಆದ್ರ ಚೊಲೋ ಇದ್ದ ಬೆಳಿನೂ ಮಿತಿ ದಾಟಬಹುದು.

ಲಾವಣಿ ಮಾತು ಕೇಳೇ ನನಗ ಜಾಸ್ತಿ ಹೆದರಿಕಿ ಆತು. ಉತಾರದಾಗ ಹೆಸರು ನಿಮ್ದು. ಹೊಲದಾಗ ಈ ಗಿಡ ಅಕ್ರಮವಾಗಿ ಬೆಳದದ್ದು ಗೊತ್ತಿದ್ದೂ ತಿಳಸ್ದ ಸುಮ್ನಿದ್ರ 46ನೇ ಕಲಂ ಪ್ರಕಾರ ಹೊಲದ ಮಾಲೀಕಗೂ ಸಜಾ ಐತಿ. ಊರಾಗ ಇಲ್ದವ್ರ ಹೊಲಾನ ಇಂಥವ್ರು ಹುಡಕತಾರ.

ನಾರಿನ ಬೆಳಿನ ಬೇಕಂದ್ರ ಪುಂಡಿ ಐತಿ. ಭೂಮಿಗೆ ಶಕ್ತಿ ಬರಲಿ ಅಂದ್ರ ಸೆಣಬು ಐತಿ, ಹಳದಿ ಹೂವು, ಉದ್ದನ್ನ ಒಂಟಿ ಎಲಿ, ಕಿತ್ತು ನೋಡಿದ್ರ ಬೇರಿಗೆ ಸಣ್ಣ ಸಣ್ಣ ಗಂಟು, ಹೂ ಬಿಡೋ ಹೊತ್ತಿಗೆ ಹರಗಿ ಮಣ್ಣಾಗ ಮುಚ್ಚಿದ್ರ ಹಸಿರು ಗೊಬ್ಬರ. ಇಂಗ್ಲಿಷ್‌ನ್ಯಾಗ ಅದಕ್ಕೂ ಸನ್ ಹೆಂಪ್ ಅಂತಾರ, ಆದ್ರ ಅದು ಬ್ಯಾರೆ ಜಾತಿ, ಅದಕ್ಕ ಯಾವ ಲೈಸೆನ್ಸೂ ಬ್ಯಾಡ. ರೈತ ಸಂಪರ್ಕ ಕೇಂದ್ರದಾಗ ಸೆಣಬು ಅಂತನ ಕೇಳ್ರಿ, ಬೀಜದ ರಶೀದಿ ಇಸ್ಕೊಂಡು ಇಟ್ಕೋರಿ.