ಬೈಕಿನವನಿಗೆ ಗುದ್ದಿ ಸಾಯಿಸಿದರೆ ಕಾರಿನವನಿಗೆ ಎಷ್ಟು ಶಿಕ್ಷೆ?

ನಿಮ್ಮ ಪ್ರಶ್ನೆ ಓದಿದೆ. ಮೈಸೂರಿನ ರಿಂಗ್ ರಸ್ತೆಯಲ್ಲಿ ನಿಮ್ಮ ತಮ್ಮನ ಬೈಕಿಗೆ ಕಾರು ಗುದ್ದಿ ಹನ್ನೆರಡು ದಿನ ಆಗಿದೆ. ತಮ್ಮ ಉಳಿಯಲಿಲ್ಲ. ಕಾರಿನವನು ಅವತ್ತೇ ಸಂಜೆ ಸ್ಟೇಷನ್ನಿನಿಂದ ಮನೆಗೆ ಹೋದ. ಇವನಿಗೆ ಜೈಲೇ ಇಲ್ವಾ, ದುಡ್ಡು ಕೊಟ್ಟು ಬಿಡಿಸಿಕೊಂಡನಾ ಅಂತ ಕೇಳಿದ್ದೀರಿ.

ದುಡ್ಡೇ ಕೊಟ್ಟಿರಬೇಕು ಅಂತಿಲ್ಲ. ಕಾನೂನೇ ಹಾಗಿದೆ. ನಾನು ವಕೀಲನಲ್ಲ, ಮಂಡ್ಯದ ಕಡೆಯವನು. ನಮ್ಮ ಭಾವನ ಕೇಸಿಗಾಗಿ ಐದು ವರ್ಷ ಕೋರ್ಟಿನ ಬೆಂಚು ಸವೆಸಿದವನು. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಶಿಕ್ಷೆಯ ಲೆಕ್ಕ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅಜಾಗರೂಕತೆಯಿಂದ ಗಾಡಿ ಓಡಿಸಿ ಯಾರಾದರೂ ಸತ್ತರೆ 106(1)ನೇ ಕಲಂ. ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಹಳೆಯ 304ಎ ಇದ್ದಾಗ ಎರಡೇ ವರ್ಷ ಇತ್ತು, ಬರೀ ದಂಡ ಹಾಕಿ ಬಿಡುವುದಕ್ಕೂ ಅವಕಾಶ ಇತ್ತು. ಸಾವಾಗದೆ ಕೈಕಾಲು ಮುರಿದರೆ 125(ಬಿ), ಮೂರು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಯಾರಿಗೂ ಏನೂ ಆಗದಿದ್ದರೂ ಅಡ್ಡಾದಿಡ್ಡಿ ಓಡಿಸಿದ್ದಕ್ಕೇ 281 ಇದೆ, ಆರು ತಿಂಗಳು ಅಥವಾ 1,000 ರೂಪಾಯಿ. ಈ ಸಾವಿರ ರೂಪಾಯಿ ಐಪಿಸಿ ಕಾಲದಿಂದ ಒಂದು ಪೈಸೆ ಮೇಲೆ ಹೋಗಿಲ್ಲ ನೋಡಿ.

ಐದು ವರ್ಷ ಅಂದರೂ 106(1) ಜಾಮೀನು ಸಿಗುವ ಅಪರಾಧ. ಅಂದರೆ ಜಾಮೀನು ಕೇಳುವುದು ಅವನ ಹಕ್ಕು, ಠಾಣೆಯಲ್ಲೇ ಕೊಟ್ಟು ಕಳಿಸಬೇಕು. ಸ್ಟೇಷನ್ ಬೇಲ್ ಅಂತಾರಲ್ಲ, ಅದೇ. ನಮ್ಮ ಮನೆಯಲ್ಲೂ ಅವತ್ತು ಇದೇ ಸಿಟ್ಟು. ಭಾವ ಆಪರೇಷನ್ ಥಿಯೇಟರಿನಲ್ಲಿ, ಕಾರಿನವನು ಸ್ಟೇಷನ್ ಎದುರು ಟೀ ಕುಡಿಯುತ್ತಾ ನಿಂತಿದ್ದ.

ಗುದ್ದಿ ಓಡಿಹೋದರೆ ಹತ್ತು ವರ್ಷ ಅಂತ ಎಲ್ಲರೂ ಹೇಳುತ್ತಾರೆ. ಅದು 106(2). ಪುಸ್ತಕದಲ್ಲಿ ಇದೆ. ಆದರೆ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ ಮೇಲೆ ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು. ಉಳಿದ ಸಂಹಿತೆ ಜಾರಿಗೆ ಬಂದಾಗ ಆ ಒಂದು ಉಪಕಲಂ ಬಿಟ್ಟೇ ಬಂತು.

ಕುಡಿದಿದ್ದ ಅಂತ ಸಾಬೀತಾದರೆ ಕಥೆ ಬೇರೆ ಆಗಬಹುದು. ಆಗ 105ನೇ ಕಲಂ ಹಾಕಿ ಅಂತ ಕೇಳಬಹುದು, ಕೊಲೆಯಲ್ಲದ ನರಹತ್ಯೆ. ಅದಕ್ಕೆ ಠಾಣೆಯಲ್ಲಿ ಜಾಮೀನಿಲ್ಲ. ಆದರೆ ಅಲ್ಲೂ ಜಾಸ್ತಿ ನಿರೀಕ್ಷೆ ಬೇಡ. 2006ರಲ್ಲಿ ಮುಂಬೈನ ಕಾರ್ಟರ್ ರಸ್ತೆಯಲ್ಲಿ ಕುಡಿದ ಯುವಕನೊಬ್ಬ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹತ್ತಿಸಿ 7 ಜನ ಸತ್ತರು. ಐಪಿಸಿಯಲ್ಲಿ ಇದೇ ನರಹತ್ಯೆಯ ಕಲಂ ಹಾಕಿದ್ದರು. 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಮೂರು ವರ್ಷ. ಓಡಿಸಿದವನು 18 ತುಂಬದ ಹುಡುಗ ಆಗಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಪ್ರಕಾರ ಅಪ್ಪನೋ ಗಾಡಿ ಓನರೋ ಮೂರು ವರ್ಷದವರೆಗೆ ಒಳಗೆ ಹೋಗಬೇಕು, 25,000 ದಂಡ ಬೇರೆ. ನಿಮ್ಮ ಕೇಸಿನಲ್ಲಿ ಇವೆರಡೂ ಇಲ್ಲ ಅನ್ನಿಸುತ್ತೆ.

ಈಗ ನಮ್ಮ ಕಥೆ. ಇದನ್ನು ಸ್ವಲ್ಪ ತಾಳ್ಮೆಯಿಂದ ಓದಿ. ನಿಮ್ಮ ಕೆಲಸಕ್ಕೆ ಬರುವುದು ಇದೇ.

2016, ಮಂಡ್ಯ-ಮದ್ದೂರು ನಡುವಿನ ಹೆದ್ದಾರಿ, ಆಗ ಇನ್ನೂ ದಶಪಥ ಇರಲಿಲ್ಲ. ಭಾವ ಸಂಜೆ ಹಾಲು ಹಾಕಲು ಎಕ್ಸೆಲ್‌ನಲ್ಲಿ ಡೈರಿಗೆ ಹೋಗುತ್ತಿದ್ದರು. ಎದುರು ಬದಿಯ ಕಾರಿನವನು ಡಿವೈಡರ್ ಸಂದಿಯಲ್ಲಿ ಇಂಡಿಕೇಟರ್ ಹಾಕದೆ ಗಕ್ಕನೆ ತಿರುಗಿಸಿದ. ಭಾವನ ಬಲಗಾಲು ಮಂಡಿಯ ಕೆಳಗೆ ಎರಡು ಕಡೆ ಮುರಿಯಿತು. ಈಗಲೂ ಒಳಗೆ ರಾಡ್ ಇದೆ.

ಎರಡು ತಿಂಗಳಾದ ಮೇಲೆ ಸ್ಥಳ ಮಹಜರಿನ ನಕಲು, ಅಂದರೆ ಪೊಲೀಸರು ಜಾಗ ನೋಡಿ ಬರೆದ ವರದಿ, ನಮ್ಮ ಕೈಗೆ ಬಂತು. ಓದಿ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. 'ರಸ್ತೆಯ ಮೇಲೆ ಹಾಲು ಚೆಲ್ಲಿರುವುದು ಕಂಡುಬಂದಿರುತ್ತದೆ' ಅಂತ ಬರೆದಿದ್ದರು. ಕಾರಿನ ಟೈರ್ ಗುರುತು ಎಲ್ಲಿಂದ ಎಲ್ಲಿಗೆ ಅಂತ ಒಂದು ಸಾಲೂ ಇಲ್ಲ. ನಕ್ಷೆಯಲ್ಲಿ ಗುದ್ದಿದ ಜಾಗ ಡಿವೈಡರ್ ಸಂದಿಯಿಂದ ಎಷ್ಟೋ ಅಡಿ ಆಚೆ. ಆ ಸಂದಿಯನ್ನೇ ತೋರಿಸಿರಲಿಲ್ಲ. ಆ ನಕ್ಷೆ ನೋಡಿದವರಿಗೆ ಭಾವನೇ ಹೋಗಿ ನಿಂತ ಕಾರಿಗೆ ಗುದ್ದಿದ ಹಾಗೆ ಕಾಣುತ್ತಿತ್ತು.

ನೋಡಿದ ಸಾಕ್ಷಿ ಅಂತ ಇದ್ದವರು ಒಬ್ಬರೇ, ರಸ್ತೆ ಪಕ್ಕ ಎಳನೀರು ಮಾರುತ್ತಿದ್ದವರು. ಪೊಲೀಸ್ ಹೇಳಿಕೆಯಲ್ಲಿ 'ಅತಿವೇಗ ಮತ್ತು ಅಜಾಗರೂಕತೆಯಿಂದ ಬಂದು ಡಿಕ್ಕಿ ಹೊಡೆದದ್ದನ್ನು ಕಣ್ಣಾರೆ ಕಂಡೆ' ಅಂತ ಇತ್ತು. ಕೋರ್ಟಿನಲ್ಲಿ ಪಾಟಿ ಸವಾಲಿಗೆ ಅವರು ಇದ್ದದ್ದನ್ನೇ ಹೇಳಿದರು: "ಕಾಯಿ ಕೊಚ್ತಾ ಇದ್ದೆ ಸ್ವಾಮಿ, ಶಬ್ದ ಕೇಳಿ ತಲೆ ಎತ್ತಿದೆ, ಅಷ್ಟೊತ್ತಿಗೆ ಗಾಡಿ ಬಿದ್ದಿತ್ತು." ಅವರ ಮೇಲೆ ನನಗೆ ಸಿಟ್ಟಿಲ್ಲ. ಪ್ರಾಮಾಣಿಕ ಮನುಷ್ಯ. ಅಲ್ಲಿಗೆ ಕೇಸು ಬಿತ್ತು. ಖುಲಾಸೆ.

ಅತಿವೇಗ ಅಂತ ಬರೆದುಬಿಟ್ಟರೆ ಸಾಕು ಅಂದುಕೊಂಡಿರುತ್ತಾರೆ. ಸಾಲುವುದಿಲ್ಲ. ನಮ್ಮ ರಾಜ್ಯದ್ದೇ ಒಂದು ಲಾರಿ ಕೇಸು, ಕರ್ನಾಟಕ ಸರ್ಕಾರ ಮತ್ತು ಸತೀಶ್ ನಡುವಿನದು, 1998ರ ತೀರ್ಪು. ವೇಗವಾಗಿ ಬಂದ ಅಂದ ಮಾತ್ರಕ್ಕೆ ಅಜಾಗರೂಕತೆ ಆಗುವುದಿಲ್ಲ, ಹೇಗೆ ತಪ್ಪಿದ ಅಂತ ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ಕಾರಿನವನ ಪರ ವಕೀಲರು ಅದನ್ನೇ ಹಿಡಿದುಕೊಂಡರು.

ಹಾಗಾಗಿ ಐದು ವರ್ಷ ಇರಲಿ ಹತ್ತು ವರ್ಷ ಇರಲಿ, ಕೇಸು ನಿಲ್ಲುವುದೋ ಬೀಳುವುದೋ ಮೊದಲ ತಿಂಗಳಲ್ಲಿ ಬರೆಯುವ ಆ ನಾಲ್ಕು ಹಾಳೆಯಲ್ಲಿ ತೀರ್ಮಾನ ಆಗುತ್ತೆ. ಇದು ನನ್ನ ಅಭಿಪ್ರಾಯ. ಶಿಕ್ಷೆ ಜಾಸ್ತಿ ಮಾಡಿ ಅಂತ ಕೂಗುವವರು ಒಂದು ಸಲ ಮಹಜರು ಓದಬೇಕು.

ಆದರೆ ಪರಿಹಾರದ ಕೇಸು ಭಾವ ಗೆದ್ದರು. ಅದೇ ಅಪಘಾತ, ಅದೇ ಕಾಗದ. ಕ್ರಿಮಿನಲ್ ಕೋರ್ಟಿಗೆ ಅನುಮಾನಕ್ಕೆ ಎಡೆ ಇಲ್ಲದಂತೆ ಸಾಬೀತಾಗಬೇಕು. ಪರಿಹಾರ ಕೊಡುವ ನ್ಯಾಯಮಂಡಳಿಗೆ ಹೀಗೇ ಆಗಿರುವ ಸಂಭವ ಜಾಸ್ತಿ ಅಂತ ಕಂಡರೆ ಸಾಕು. ಭಾವ ತಾವೇ ನಿಂತು ಹೇಳಿದರು. ಆರ್‌ಟಿಒ ಕಡೆಯವರು ಕಾರು ನೋಡಿ ಬರೆದ ವರದಿಯಲ್ಲಿ ಮುಂದಿನ ಎಡಬದಿ ಜಜ್ಜಿದೆ ಅಂತ ಇತ್ತು. ತಿರುಗುತ್ತಿದ್ದ ಕಾರಿಗೆ ಮಾತ್ರ ಹಾಗಾಗಲು ಸಾಧ್ಯ. ವಿಮೆಯವರು ಹೆಲ್ಮೆಟ್ ಇರಲಿಲ್ಲ ಅಂತ ಎತ್ತಿದರು. ಏಟು ಬಿದ್ದದ್ದು ಕಾಲಿಗೆ ಅಲ್ವಾ, ಅದು ನಡೆಯಲಿಲ್ಲ.

ನಿಮ್ಮ ತಮ್ಮನಿಗೆ 28 ವರ್ಷ, ಸ್ವಂತ ಮೊಬೈಲ್ ರಿಪೇರಿ ಅಂಗಡಿ, ತಿಂಗಳಿಗೆ 20,000, ಮದುವೆ ಆಗಿರಲಿಲ್ಲ ಅಂದಿದ್ದೀರಿ. ಲೆಕ್ಕ ಹೀಗೆ ಬರುತ್ತೆ. ಸ್ವಂತ ದುಡಿಮೆ, 40 ತುಂಬಿಲ್ಲ, ಹಾಗಾಗಿ ಮುಂದೆ ಹೆಚ್ಚಬಹುದಿದ್ದ ಆದಾಯ ಅಂತ 40% ಸೇರಿಸಿ 28,000. ಮದುವೆ ಆಗಿಲ್ಲದ್ದರಿಂದ ಅರ್ಧ ಅವನ ಖರ್ಚಿಗೆ ಅಂತ ಕಳೆದು 14,000. ವರ್ಷಕ್ಕೆ 1,68,000. ಇದನ್ನು ವಯಸ್ಸು ನೋಡಿ ಒಂದು ಗುಣಕದಿಂದ ಗುಣಿಸುತ್ತಾರೆ, ಆ ವಯಸ್ಸಿಗೆ ಅದು 17. ಒಟ್ಟು 28,56,000, ಮೇಲೆ ಅಂತ್ಯಕ್ರಿಯೆ ಮುಂತಾದ್ದಕ್ಕೆ ಸ್ವಲ್ಪ. 2009 ಮತ್ತು 2017ರ ಸುಪ್ರೀಂ ಕೋರ್ಟ್ ತೀರ್ಪುಗಳು ಹಾಕಿಕೊಟ್ಟ ಲೆಕ್ಕ ಇದು. ಆದಾಯ ತೋರಿಸಬೇಕು. ಅಂಗಡಿ ಲೈಸೆನ್ಸ್, ಫೋನ್‌ಪೇ ಸ್ಟೇಟ್‌ಮೆಂಟ್ ಎಲ್ಲ ಎತ್ತಿಡಿ. ಮಧ್ಯೆ ಯಾರೋ ಬಂದು ಮೂರು ಲಕ್ಷಕ್ಕೆ ರಾಜಿ ಆಗಿ ಅನ್ನುತ್ತಾರೆ, ನಮಗೂ ಅಂದಿದ್ದರು. ಈ ಲೆಕ್ಕ ತೋರಿಸಿ ಕಳಿಸಿ. ಸಾವಿನ ಕ್ರಿಮಿನಲ್ ಕೇಸು ರಾಜಿ ಮಾಡಿಕೊಳ್ಳುವಂಥದ್ದೂ ಅಲ್ಲ.

ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಇದೆ, 2022ರ ಏಪ್ರಿಲ್‌ನಿಂದ. ನಮ್ಮ ಕಾಲಕ್ಕೆ ಇರಲಿಲ್ಲ. ನೀವಿರುವುದು ಮಂಡ್ಯದಲ್ಲಾದರೆ ಮಂಡ್ಯದಲ್ಲೇ ಹಾಕಬಹುದು, ಮೈಸೂರಿಗೆ ಅಲೆಯಬೇಕಿಲ್ಲ. ಪೊಲೀಸರೂ 90 ದಿನದೊಳಗೆ ನ್ಯಾಯಮಂಡಳಿಗೆ ಅಪಘಾತದ ವಿವರವಾದ ವರದಿ ಕೊಡಬೇಕು. ಕೊಟ್ಟರೋ ಇಲ್ಲವೋ ಕೇಳುತ್ತಿರಿ.

ಎಫ್‌ಐಆರ್ ನಕಲು ನಿಮಗೆ ಪುಕ್ಕಟೆ ಕೊಡಬೇಕು. ಮಹಜರು, ನಕ್ಷೆಯ ನಕಲಿಗೆ ವಕೀಲರ ಕೈಲಿ ಅರ್ಜಿ ಹಾಕಿಸಿ. ನಕ್ಷೆ ಕೈಗೆ ಬಂದ ದಿನ ಅದನ್ನು ಹಿಡಿದುಕೊಂಡು ಅದೇ ಜಾಗದಲ್ಲಿ ಹೋಗಿ ನಿಂತು ನೋಡಿ. ತಪ್ಪಿದ್ದರೆ ತನಿಖಾಧಿಕಾರಿಗೆ ಬರೆದುಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿ ಬಂದರೆ ಹೇಳಿದ್ದಕ್ಕೆ ಗುರುತೇ ಇರುವುದಿಲ್ಲ.

ಅಪಘಾತ ಆದ ಜಾಗದ ಎದುರು ಪೆಟ್ರೋಲ್ ಬಂಕ್ ಇದೆ ಅಂತ ಬರೆದಿದ್ದೀರಿ. ಅಂಥ ಕಡೆ ಕ್ಯಾಮೆರಾದ ಹಳೆಯ ವಿಡಿಯೋ ತಾನಾಗೇ ಅಳಿಸಿಹೋಗುತ್ತದೆ, ಕೆಲವು ಕಡೆ ಹದಿನೈದೇ ದಿನಕ್ಕೆ. ಹನ್ನೆರಡು ಆಗಲೇ ಕಳೆದಿದೆ. ಇದನ್ನು ಓದಿದ ತಕ್ಷಣ ಹೊರಡಿ. ಮೊದಲು ಬಂಕಿನ ಮ್ಯಾನೇಜರ್ ಹತ್ತಿರ ಅಳಿಸಬೇಡಿ ಅಂತ ಕೇಳಿಕೊಳ್ಳಿ, ಅಲ್ಲಿಂದ ಸೀದಾ ಸ್ಟೇಷನ್ನಿಗೆ ಹೋಗಿ ಆ ವಿಡಿಯೋ ವಶಕ್ಕೆ ತೆಗೆದುಕೊಳ್ಳಿ ಅಂತ ಅರ್ಜಿ ಕೊಡಿ.