ಹೆಡ್ ನರ್ಸ್ ಮೃದುವಾಗಿದ್ದರೆ ವಾರ್ಡಿನ ಶಿಸ್ತು ಕೆಡುವುದಿಲ್ಲವೇ?

ಕೆಡುವುದಿಲ್ಲ. ಕರುಣೆ ಅಂದರೆ ತಪ್ಪನ್ನು ಕಂಡೂ ಕಾಣದಂತೆ ಬಿಡುವುದಲ್ಲ. ತಪ್ಪಾದವರು ತಾವಾಗಿಯೇ ಬಂದು ಹೇಳುವಷ್ಟು ಧೈರ್ಯ ಕೊಡುವುದು.

ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ನಾಯಕತ್ವವಿದ್ದ ನರ್ಸಿಂಗ್ ತಂಡಗಳಲ್ಲೇ ಔಷಧಿಯ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಎಡ್ಮಂಡ್ಸನ್ ಅವರಿಗೂ ಅದು ಅಚ್ಚರಿ. ಅವರು ಕಂಡುಕೊಂಡ ಕಾರಣ ಇಷ್ಟೇ: ಅಲ್ಲಿನವರು ಮುಚ್ಚಿಡದೆ ಹೇಳುತ್ತಿದ್ದರು. ಬೈಗುಳಕ್ಕೆ ಹೆದರುವ ಕಡೆ ತಪ್ಪು ಮುಚ್ಚಿಹೋಗುತ್ತದೆ. ಪೆಟ್ಟು ಬೀಳುವುದು ರೋಗಿಗೆ, ಅಲ್ವಾ?

ಒಂದು ಸನ್ನಿವೇಶ ನೋಡಿ. ಹೊಸ ನರ್ಸ್‌ಗೆ ಎರಡನೇ ಸಲವೂ ರಕ್ತನಾಳ ಸಿಗಲಿಲ್ಲ. ಕೈ ನಡುಗುತ್ತಿದೆ. ಸೂಜಿ ಕಿತ್ತುಕೊಂಡು "ನೀನು ಹೋಗು" ಅಂದರೆ ಅವಳು ಕಲಿಯುವುದು ಭಯ ಮಾತ್ರ. "ಇವರ ನಾಳ ಸ್ವಲ್ಪ ಕಷ್ಟ. ನಾನು ಹಾಕ್ತೀನಿ, ನೀನು ಇಲ್ಲಿ ಬೆರಳಿಟ್ಟು ನೋಡು" ಅಂದರೆ ರೋಗಿಯ ಮುಂದೆ ಅವಳ ಮಾನ ಉಳಿಯುತ್ತದೆ, ಕೆಲಸವೂ ಆಗುತ್ತದೆ. ಎಲ್ಲಿ ಎಡವಿದಳು ಅನ್ನುವುದನ್ನು ಆಮೇಲೆ ಪಕ್ಕಕ್ಕೆ ಕರೆದು ನೇರವಾಗಿ ಹೇಳಿ. ಅದನ್ನು ಮಾತ್ರ ಬಿಡಬೇಡಿ.

ನರ್ಸಿಂಗ್ ತಜ್ಞೆ ಪೆಟ್ರೀಷಿಯಾ ಬೆನ್ನರ್ ನರ್ಸ್‌ಗಳ ಬೆಳವಣಿಗೆಯನ್ನು 5 ಹಂತಗಳಲ್ಲಿ ವಿವರಿಸಿದ್ದಾರೆ. ನುರಿತವರಿಗೆ ರೋಗಿಯನ್ನು ಕಂಡ ಕೂಡಲೇ ಏನೋ ಸರಿಯಿಲ್ಲ ಎಂದು ಹೊಳೆಯುತ್ತದೆ. ಹೊಸಬರು ನಿಯಮ ಹಿಡಿದೇ ನಡೆಯಬೇಕು. ಹಾಗಾಗಿ "ಇಷ್ಟೂ ಗೊತ್ತಾಗಲ್ವಾ?" ಅನ್ನುವ ಬದಲು ನೀವು ಏನು ಗಮನಿಸಿದಿರಿ ಅಂತ ಬಿಡಿಸಿ ಹೇಳಿ: ಉಸಿರು ವೇಗವಾಗಿತ್ತು, ಮಾತು ಕಡಿಮೆಯಾಗಿತ್ತು, ಹೀಗೆ.

ಇನ್ನೊಂದು ಮಾತು. ಕಲಿಸುವವರಿಗೆ ಆ ಪಾಳಿಯಲ್ಲಿ ರೋಗಿಗಳನ್ನು ಕಡಿಮೆ ಕೊಡಿ. ಸುಮ್ನೆ ಹೆಚ್ಚುವರಿ ಹೊರೆಯಾದರೆ ಎಂಥ ಒಳ್ಳೆಯವರೂ ಸಿಡುಕುತ್ತಾರೆ.